ಏರ್‌ಪೋರ್ಟ್ ಸುತ್ತಲಿನ ಫ್ಲೈಟ್ ಪ್ರೊಸೀಜರ್‌ಗಳನ್ನ ಡೇಟಾ ಚಿತ್ರದಲ್ಲಿ ಅಳೆಯೋದು ಹೇಗೆ: ಪದೇ ಪದೇ ಕೇಳೋ ಪ್ರಶ್ನೆಗಳು

ಮೊದಲಿಗೆ, ಫ್ಲೈಟ್ ಪ್ರೊಸೀಜರ್ ಅಂದ್ರೆ ಏನು?

ವಿಮಾನ ಟೇಕ್‌ಆಫ್ ಆದ್ಮೇಲೆ ಯಾವ ದಾರೀಲಿ ಮೇಲೆ ಹೋಗ್ಬೇಕು, ಇಳಿಯೋಕೆ ಬರುವಾಗ ಯಾವ ದಾರೀಲಿ ಬರ್ಬೇಕು, ಎಲ್ಲಿ ಎಷ್ಟು ಎತ್ತರಕ್ಕಿಂತ ಕೆಳಗೆ ಬರ್ಬಾರ್ದು, ಎಲ್ಲಿ ಸ್ಪೀಡ್ ಇಳಿಸ್ಬೇಕು ಅಂತ ಮೊದಲೇ ಲೆಕ್ಕ ಹಾಕಿ ಚಾರ್ಟ್‌ನಲ್ಲಿ ಪ್ರಕಟ ಮಾಡಿರೋ ದಾರಿ. ಹೊರಡೋಕೆ ಸಿಡ್, ಒಳಗೆ ಬರೋಕೆ ಸ್ಟಾರ್, ರನ್‌ವೇಗೆ ಇಳಿಯೋಕೆ ಅಪ್ರೋಚ್, ಇಳಿಯೋಕೆ ಆಗ್ಲಿಲ್ಲ ಅಂದ್ರೆ ವಾಪಸ್ ಮೇಲೆ ಹೋಗೋಕೆ ಮಿಸ್ಡ್ ಅಪ್ರೋಚ್. ಡಿಸೈನ್ ನಿಯಮಗಳು ಐಕಾವೋ ಅನ್ನೋ ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆಯ ಡಾಕ್ಯುಮೆಂಟ್ 8168ರ ಎರಡನೇ ಸಂಪುಟದಲ್ಲಿವೆ, ಅಮೆರಿಕದವರದ್ದು ಟರ್ಪ್ಸ್ ಅಂತ ಬೇರೆ ಇದೆ.

ನಿಯಮದ ಪ್ರಕಾರನೇ ಡಿಸೈನ್ ಮಾಡಿರ್ತಾರಲ್ಲ, ಆಮೇಲೆ ಚಿತ್ರ ಬಿಡಿಸಿ ಅಳೆಯೋದು ಯಾಕೆ?

ಡಿಸೈನ್ ಮಾಡೋವ್ರು ನೋಡೋದು ಮುಖ್ಯವಾಗಿ ಗುಡ್ಡ, ಟವರ್, ಕಟ್ಟಡ ಇವುಗಳಿಂದ ಸಾಕಷ್ಟು ಅಂತರ ಇದೆಯಾ ಅಂತ. ಉದಾಹರಣೆಗೆ ಇಳಿಯೋ ದಾರಿಯ ಮೊದಲ ಭಾಗ, ಅಂದ್ರೆ ಇನಿಷಿಯಲ್ ಅಪ್ರೋಚ್‌ನಲ್ಲಿ ಅಡೆತಡೆಯಿಂದ ಕನಿಷ್ಠ 300 ಮೀಟರ್, ಅದರ ಮುಂದಿನ ಇಂಟರ್‌ಮೀಡಿಯೆಟ್ ಭಾಗದಲ್ಲಿ 150 ಮೀಟರ್ ಇರ್ಬೇಕು ಅನ್ನೋ ಥರದ ಲೆಕ್ಕ. ಆ ಲೆಕ್ಕ ಪಾಸಾಯ್ತು ಅಂದ್ರೆ ಪ್ರೊಸೀಜರ್ ಸುರಕ್ಷಿತ ಅಂತಾಯ್ತೇ ಹೊರತು, ಅದನ್ನ ದಿನಾ ನೂರಾರು ವಿಮಾನ ಹೆಂಗೆ ಹಾರಿಸ್ತಾವೆ, ನೆಲದಿಂದ ವಿಮಾನಗಳಿಗೆ ದಾರಿ ಹೇಳೋ ಕಂಟ್ರೋಲರ್‌ಗಳು ಅದನ್ನ ನಿಜವಾಗ್ಲೂ ಬಳಸ್ತಾರಾ ಇಲ್ಲ ಅರ್ಧಕ್ಕೇ ಕಿತ್ತು ಶಾರ್ಟ್‌ಕಟ್ ಕೊಡ್ತಾರಾ, ಎತ್ತರದ ಮಿತಿಗಳಿಂದಾಗಿ ವಿಮಾನಗಳು ಬೇಡದ ಕಡೆ ನೇರ ಮಟ್ಟಕ್ಕೆ ಬಂದು ಎಂಜಿನ್ ಶಬ್ದ ಜಾಸ್ತಿ ಮಾಡ್ತಾವಾ, ಇದ್ಯಾವುದನ್ನೂ ಆ ಲೆಕ್ಕ ಹೇಳಲ್ಲ. ಚಾರ್ಟ್‌ನಲ್ಲಿರೋದು ಒಂದು ಗೆರೆ, ಆಕಾಶದಲ್ಲಿರೋದು ಒಂದು ರಾಶಿ, ಎರಡರ ಮಧ್ಯೆ ಎಷ್ಟು ವ್ಯತ್ಯಾಸ ಅಂತ ನೋಡೋದೇ ನಮ್ಮ ಕೆಲಸ.

ಟೇಬಲ್‌ನಲ್ಲೂ ನೋಡ್ಬಹುದಲ್ಲ ಅಂತಾರೆ. ನೋಡ್ಬಹುದು, ಆದ್ರೆ ಏನು ಹುಡುಕ್ಬೇಕು ಅಂತ ಮೊದಲೇ ಗೊತ್ತಿದ್ರೆ ಮಾತ್ರ. ಗೊತ್ತಿಲ್ಲದೇ ಇರೋದು ಕಣ್ಣಿಗೆ ಬೀಳೋದು ಚಿತ್ರದಲ್ಲೇ.

ಡೇಟಾ ಎಲ್ಲಿಂದ ಬರುತ್ತೆ?

ಮುಖ್ಯವಾಗಿ ಮೂರು ಕಡೆಯಿಂದ. ಒಂದು ರೇಡಾರ್, ಏರ್‌ಪೋರ್ಟ್ ಹತ್ರದ ರೇಡಾರ್ ಸುಮಾರು ನಾಲ್ಕೈದು ಸೆಕೆಂಡಿಗೆ ಒಂದು ಸುತ್ತು ತಿರುಗುತ್ತೆ, ಅಂದ್ರೆ ಅಷ್ಟು ಹೊತ್ತಿಗೊಂದು ಚುಕ್ಕೆ. ಎರಡು ಎಡಿಎಸ್-ಬಿ, ವಿಮಾನ ತನ್ನ ಜಿಪಿಎಸ್ ಪೊಸಿಷನ್‌ನ 1090 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ ಸುಮಾರು ಎರಡು ಸಲ ತಾನೇ ಕೂಗಿ ಹೇಳ್ತಿರುತ್ತೆ, ಅದನ್ನ ಸಣ್ಣ ರಿಸೀವರ್ ಇಟ್ಕೊಂಡು ಯಾರು ಬೇಕಾದ್ರೂ ಕೇಳ್ಬಹುದು. ಅಮೆರಿಕದಲ್ಲಿ 2020ರ ಜನವರಿಯಿಂದ ಹೆಚ್ಚಿನ ಕಂಟ್ರೋಲ್ಡ್ ಏರ್‌ಸ್ಪೇಸ್‌ನಲ್ಲಿ ಅದು ಕಡ್ಡಾಯ. ಓಪನ್‌ಸ್ಕೈ ನೆಟ್‌ವರ್ಕ್ ಥರದವ್ರು ಈ ಡೇಟಾನ ಸಂಶೋಧನೆಗೆ ಕೊಡ್ತಾರೆ. ಮೂರನೇದು ವಿಮಾನದೊಳಗಿನ ಫ್ಲೈಟ್ ಡೇಟಾ ರೆಕಾರ್ಡಿಂಗ್, ಅದರಲ್ಲಿ ಎಂಜಿನ್ ಪವರ್, ಫ್ಲಾಪ್, ಗೇರ್ ಎಲ್ಲಾ ಇರುತ್ತೆ, ಆದ್ರೆ ಏರ್‌ಲೈನ್‌ನವ್ರು ಹೊರಗೆ ಕೊಡಲ್ಲ, ಕೊಡದೇ ಇರೋಕೆ ಕಾರಣಾನೂ ಇದೆ, ಪೈಲಟ್‌ಗಳ ವಿರುದ್ಧ ಅದನ್ನ ಬಳಸೋಕೆ ಶುರು ಮಾಡಿದ್ರೆ ನಾಳೆಯಿಂದ ಯಾರೂ ಬಾಯಿ ಬಿಡಲ್ಲ.

ಎಡಿಎಸ್-ಬಿ ಜಿಪಿಎಸ್ ಮೇಲೆ ನಿಂತಿರೋದ್ರಿಂದ ಜಾಮಿಂಗ್ (ಸಿಗ್ನಲ್ ಅಡ್ಡಗಟ್ಟೋದು), ಸ್ಪೂಫಿಂಗ್ (ಸುಳ್ಳು ಸಿಗ್ನಲ್ ಕಳಿಸೋದು) ಇರೋ ಕಡೆ ಟ್ರ್ಯಾಕ್, ಅಂದ್ರೆ ವಿಮಾನ ಹಾರಿದ ದಾರಿಯ ಗೆರೆ, ಇದ್ದಕ್ಕಿದ್ದಂಗೆ ಹತ್ತಾರು ಕಿಲೋಮೀಟರ್ ಹಾರಿಬಿಡುತ್ತೆ. ಮೆಸೇಜ್ ಜೊತೆಗೆ ಪೊಸಿಷನ್ ಎಷ್ಟು ನಂಬಬಹುದು ಅನ್ನೋ ಕ್ವಾಲಿಟಿ ಅಂಕಿನೂ ಬರುತ್ತೆ, ಅದನ್ನ ನೋಡಿ ಸೋಸಿ. ಇನ್ನೊಂದು, ರಿಸೀವರ್‌ಗೂ ವಿಮಾನಕ್ಕೂ ಮಧ್ಯೆ ಗುಡ್ಡ ಬಂದ್ರೆ ಕೆಳಗಿನ ಎತ್ತರದಲ್ಲಿ ಡೇಟಾನೇ ಬರಲ್ಲ. ಮ್ಯಾಪ್ ಮೇಲೆ ಅಲ್ಲಿ ಖಾಲಿ ಕಾಣುತ್ತೆ, ನೋಡಿದವ್ರು ಇಲ್ಲಿ ವಿಮಾನವೇ ಹೋಗಲ್ಲ ಅಂದ್ಕೊಳ್ತಾರೆ. ಕವರೇಜ್ ಇಲ್ಲದ ಜಾಗನ ಬೂದು ಬಣ್ಣದಲ್ಲಿ ತೋರಿಸಿ, ಬಿಳಿ ಬಿಡ್ಬೇಡಿ.

ಎತ್ತರದ ಅಂಕಿ ನೇರವಾಗಿ ಬಳಸಬಹುದಾ?

ಇಲ್ಲ! ಎಲ್ಲಕ್ಕಿಂತ ಜಾಸ್ತಿ ಜನ ಎಡವೋದು ಇಲ್ಲೇ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಎಡಿಎಸ್-ಬಿ ಮತ್ತೆ ರೇಡಾರ್‌ನಲ್ಲಿ ಬರೋ ಎತ್ತರ ಸಾಮಾನ್ಯವಾಗಿ 1013.25 ಹೆಕ್ಟೋಪಾಸ್ಕಲ್ ಅನ್ನೋ ಸ್ಟಾಂಡರ್ಡ್ ಒತ್ತಡಕ್ಕೆ ಹೋಲಿಸಿ ಹೇಳಿದ್ದು. ಅವತ್ತಿನ ನಿಜವಾದ ಒತ್ತಡ ಅಷ್ಟೇ ಇರ್ಬೇಕು ಅಂತೇನಿಲ್ಲ. ನೆಲಮಟ್ಟದ ಹತ್ರ ಒಂದು ಹೆಕ್ಟೋಪಾಸ್ಕಲ್‌ಗೆ ಸುಮಾರು 27 ಅಡಿ ವ್ಯತ್ಯಾಸ. ಅವತ್ತು ಕ್ಯೂಎನ್‌ಎಚ್, ಅಂದ್ರೆ ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಅಲ್ಲಿನ ಒತ್ತಡ, 1000 ಇತ್ತು ಅಂದ್ರೆ ಡೇಟಾದಲ್ಲಿರೋ ಎತ್ತರ ನಿಜಕ್ಕಿಂತ 350 ಅಡಿಗೂ ಜಾಸ್ತಿ ತೋರಿಸುತ್ತೆ, 1023 ಇತ್ತು ಅಂದ್ರೆ 260 ಅಡಿಯಷ್ಟು ಕಮ್ಮಿ ತೋರಿಸುತ್ತೆ. ಹಂಗೇ ಗ್ರಾಫ್ ಹಾಕಿದ್ರೆ ಒಂದೇ ಗ್ಲೈಡ್‌ಪಾತ್ (ಇಳಿಯೋ ಇಳಿಜಾರಿನ ದಾರಿ) ಹಿಡ್ಕೊಂಡು ಬಂದಿರೋ ವಿಮಾನಗಳೂ ದಿನದಿಂದ ದಿನಕ್ಕೆ ಮೇಲೆ ಕೆಳಗೆ ಹರಡಿದಂಗೆ ಕಾಣುತ್ತೆ, ನೀವು ಅಯ್ಯೋ ಇವ್ರು ಅಪ್ರೋಚ್‌ನ ಎಷ್ಟು ಕೆಟ್ಟದಾಗಿ ಹಾರಿಸ್ತಾರೆ ಅಂತ ರಿಪೋರ್ಟ್ ಬರೀತೀರ, ನಿಜಕ್ಕೂ ಅದು ಹವಾಮಾನದ ಗ್ರಾಫ್. ಏರ್‌ಪೋರ್ಟ್‌ನ ಹವಾಮಾನ ವರದಿ ಮೆಟಾರ್‌ನಿಂದ ಆ ಹೊತ್ತಿನ ಕ್ಯೂಎನ್‌ಎಚ್ ತಗೊಂಡು ಸರಿ ಮಾಡಿದ್ಮೇಲೇ ಗ್ರಾಫ್ ಹಾಕ್ಬೇಕು.

ಅದಾದ್ಮೇಲೂ ಟೆಂಪರೇಚರ್ ಉಳಿಯುತ್ತೆ. ಗಾಳಿ ಸ್ಟಾಂಡರ್ಡ್‌ಗಿಂತ 10 ಡಿಗ್ರಿ ತಣ್ಣಗಿದ್ರೆ ಆಲ್ಟಿಮೀಟರ್ (ಒತ್ತಡದಿಂದ ಎತ್ತರ ಅಳೆಯೋ ಉಪಕರಣ) ತೋರಿಸೋ ಎತ್ತರಕ್ಕಿಂತ ವಿಮಾನ ಸುಮಾರು ಶೇಕಡಾ 4ರಷ್ಟು ಕೆಳಗಿರುತ್ತೆ, ಬಿಸಿ ಇದ್ರೆ ಮೇಲಿರುತ್ತೆ. ಬ್ಯಾರೋಮೀಟರ್ ಆಧಾರದ ಅಪ್ರೋಚ್ ಚಾರ್ಟ್‌ಗಳಲ್ಲಿ ಇಷ್ಟು ಡಿಗ್ರಿಗಿಂತ ಕೆಳಗೆ ಬಳಸ್ಬಾರ್ದು ಅಂತ ಬರೆದಿರೋದು ಇದಕ್ಕೇ. ಐಎಲ್‌ಎಸ್ (ನೆಲದ ರೇಡಿಯೋ ಸಿಗ್ನಲ್ ಹಿಡ್ಕೊಂಡು ಇಳಿಯೋದು) ಮತ್ತೆ ಬ್ಯಾರೋ ಅಪ್ರೋಚ್‌ಗಳನ್ನ ಒಂದೇ ಪ್ರೊಫೈಲ್‌ನಲ್ಲಿ, ಅಂದ್ರೆ ಪಕ್ಕದಿಂದ ನೋಡಿದ ಎತ್ತರದ ಗ್ರಾಫ್‌ನಲ್ಲಿ, ಹಾಕಿ ಟೆಂಪರೇಚರ್ ಪ್ರಕಾರ ಬಣ್ಣ ಕೊಟ್ರೆ, ಬ್ಯಾರೋದು ಬಿಸಿಲಿಗೆ ಕಡಿದಾಗಿ, ಚಳಿಗೆ ಚಪ್ಪಟೆಯಾಗಿ ಬೀಸಣಿಗೆ ಥರ ಬಿಚ್ಕೊಳ್ಳೋದು, ಐಎಲ್‌ಎಸ್‌ದು ಕದಲದೇ ಕೂತಿರೋದು ನೋಡ್ಬಹುದು. ಆದ್ರೆ ಇದಕ್ಕೆ ಜಿಪಿಎಸ್ ಎತ್ತರ ಬೇಕು. ಎಡಿಎಸ್-ಬಿ ವೇಗದ ಮೆಸೇಜ್‌ನಲ್ಲಿ ಬ್ಯಾರೋ ಎತ್ತರಕ್ಕೂ ಜಿಪಿಎಸ್ ಎತ್ತರಕ್ಕೂ ಇರೋ ವ್ಯತ್ಯಾಸ ಬರುತ್ತೆ, ಅದರಿಂದ ತೆಗೀಬಹುದು.

ಮತ್ತೆ ಎತ್ತರ 25 ಅಡಿ ಮೆಟ್ಟಿಲಲ್ಲಿ ಬರೋದ್ರಿಂದ ಗ್ರಾಫ್‌ನಲ್ಲಿ ಸಣ್ಣ ಮೆಟ್ಟಿಲು ಕಂಡ್ರೆ ಗಾಬರಿ ಬೀಳ್ಬೇಡಿ.

ಎಲ್ಲಾ ಟ್ರ್ಯಾಕ್‌ನೂ ಮ್ಯಾಪ್ ಮೇಲೆ ಹಾಕಿದ್ರೆ ಸಾಕಲ್ವಾ?

ಒಂದು ದಿನದ್ದಾದ್ರೆ ಸಾಕು. ಒಂದು ತಿಂಗಳದ್ದು ಹಾಕಿದ್ರೆ ಗೆರೆ ಮೇಲೆ ಗೆರೆ ಕೂತು ಪೂರ್ತಿ ಒಂದೇ ಬಣ್ಣದ ಮುದ್ದೆ ಆಗುತ್ತೆ, ಹತ್ತು ಸಲ ಹೋದ ಜಾಗ, ಸಾವಿರ ಸಲ ಹೋದ ಜಾಗ ಎರಡೂ ಒಂದೇ ಥರ ಕಾಣುತ್ತೆ. ಗೆರೆನ ಪಾರದರ್ಶಕ ಮಾಡೋದು ಮೊದಲನೇ ಔಷಧ, ಆದ್ರೆ ಅದೂ ಒಂದು ಹಂತಕ್ಕೆ ನಿಂತುಹೋಗುತ್ತೆ. ಸರಿಯಾದ ದಾರಿ ಅಂದ್ರೆ ಜಾಗನ ಸಣ್ಣ ಚೌಕಗಳಾಗಿ ಮಾಡಿ ಒಂದೊಂದು ಚೌಕದ ಮೇಲೆ ಎಷ್ಟು ಫ್ಲೈಟ್ ಹೋಯ್ತು ಅಂತ ಎಣಿಸಿ ಬಣ್ಣ ಹಚ್ಚೋದು. ಗಮನಿಸಿ, ಫ್ಲೈಟ್ ಎಣಿಸಿ, ಚುಕ್ಕೆ ಎಣಿಸ್ಬೇಡಿ. ಚುಕ್ಕೆ ಎಣಿಸಿದ್ರೆ ನಿಧಾನ ಹೋಗೋ ವಿಮಾನಕ್ಕೆ ಜಾಸ್ತಿ ಚುಕ್ಕೆ, ಸರದಿಗೆ ಕಾಯ್ತಾ ಹೋಲ್ಡಿಂಗ್‌ನಲ್ಲಿ ಸುತ್ತುತ್ತಿರೋದಕ್ಕೆ ಇನ್ನೂ ಜಾಸ್ತಿ, ರಿಸೀವರ್ ಹತ್ರ ಇದ್ರೆ ಮತ್ತೂ ಜಾಸ್ತಿ, ಹಿಂಗೆ ಚಿತ್ರ ಟ್ರಾಫಿಕ್‌ದು ಬಿಟ್ಟು ಬೇರೆ ಏನನ್ನೋ ತೋರಿಸುತ್ತೆ.

ಬಣ್ಣದ ಸ್ಕೇಲ್ ಲಾಗ್ ಆಗಿರ್ಲಿ (1, 10, 100 ಅಂತ ಹತ್ತು ಪಟ್ಟು ಏರೋದು), ಇಲ್ಲಾಂದ್ರೆ ಫೈನಲ್ ಅಪ್ರೋಚ್ ಒಂದೇ ಕೆಂಪಗೆ ಹೊಳೀತಾ ಉಳಿದಿದ್ದೆಲ್ಲ ಮಾಯ ಆಗುತ್ತೆ. ಮತ್ತೆ ದೂರ ಅಳೆಯೋ ಕೆಲಸನ ವೆಬ್ ಮ್ಯಾಪ್‌ಗಳು ಬಳಸೋ ಮರ್ಕೇಟರ್ ಮೇಲೆ ಮಾಡ್ಬೇಡಿ, 60 ಡಿಗ್ರಿ ಅಕ್ಷಾಂಶದಲ್ಲಿ ಅದು ಎಲ್ಲಾನೂ ಎರಡು ಪಟ್ಟು ಹಿಗ್ಗಿಸುತ್ತೆ, ಏರ್‌ಪೋರ್ಟ್‌ನ ಮಧ್ಯಕ್ಕಿಟ್ಟು ಲೋಕಲ್ ಪ್ರೊಜೆಕ್ಷನ್ ಹಾಕ್ಕೊಳ್ಳಿ.

ಸರಾಸರಿ ಟ್ರ್ಯಾಕ್ ಒಂದು ಹಾಕಿ ಚಾರ್ಟ್‌ಗೆ ಹೋಲಿಸಿದ್ರೆ?

ದಯವಿಟ್ಟು ಬೇಡ. ದಾರೀಲಿ ಒಂದು ಮರ ಇದೆ, ಅರ್ಧ ಜನ ಎಡಕ್ಕೆ ಹೋಗ್ತಾರೆ, ಅರ್ಧ ಜನ ಬಲಕ್ಕೆ ಹೋಗ್ತಾರೆ, ಸರಾಸರಿ ದಾರಿ ಮರದೊಳಗೇ ಹೋಗುತ್ತೆ. ವಿಮಾನಗಳದ್ದೂ ಅದೇ. ಕೆಲವು ಸಿಡ್ ಪೂರ್ತಿ ಹಾರಿಸ್ತಾವೆ, ಕೆಲವಕ್ಕೆ ಕಂಟ್ರೋಲರ್ ಬೇಗ ತಿರುವು ಕೊಡ್ತಾರೆ, ಸರಾಸರಿ ಗೆರೆ ಯಾವ ವಿಮಾನವೂ ಹಾರದ ಜಾಗದಲ್ಲಿ ಬಂದು ಕೂರುತ್ತೆ, ಅದರ ಕೆಳಗಿನ ಜನ ಗಾಬರಿ ಆಗ್ತಾರೆ, ನಿಜವಾದ ಎರಡು ದಾರಿ ಕೆಳಗಿರೋವ್ರು ಅಬ್ಬಾ ಬಚಾವ್ ಅಂತಾರೆ, ಎರಡೂ ತಪ್ಪು.

ಮೊದಲು ಗುಂಪು ಮಾಡಿ. ಟ್ರ್ಯಾಕ್‌ಗಳನ್ನ ಆಕಾರದ ಮೇಲೆ ಕ್ಲಸ್ಟರ್ ಮಾಡೋಕೆ ಡಿಬಿಸ್ಕ್ಯಾನ್ ಥರದ ವಿಧಾನ ಚೆನ್ನಾಗಿ ಕೆಲಸ ಮಾಡುತ್ತೆ, ಯಾವ ಗುಂಪಿಗೂ ಸೇರದ್ದನ್ನ ಬೇರೆ ಇಡುತ್ತೆ ಅನ್ನೋದೇ ಅದರ ದೊಡ್ಡ ಗುಣ. ಆ ಬೇರೆ ಇಟ್ಟಿದ್ರಲ್ಲೇ ಗೋ-ಅರೌಂಡ್ (ಇಳಿಯದೇ ಮತ್ತೆ ಮೇಲೆ ಹೋಗಿದ್ದು), ವಾಪಸ್ ಬಂದ ವಿಮಾನ, ಮಳೆ ಮೋಡ ತಪ್ಪಿಸ್ಕೊಂಡು ಹೋದವು ಎಲ್ಲಾ ಸಿಗ್ತವೆ. ಎಸೀಬೇಡಿ, ಬೇರೆ ಪುಟದಲ್ಲಿ ಬಿಡಿಸಿ ಒಂದೊಂದಾಗಿ ನೋಡಿ. ಪ್ರತಿ ಗುಂಪಿಗೂ ಮಧ್ಯದ ಗೆರೆ, ಅದರ ಜೊತೆ ಶೇಕಡಾ 5ರಿಂದ 95ರವರೆಗಿನ ಪಟ್ಟಿ. ಪಟ್ಟಿ ಇಲ್ಲದ ಗೆರೆ ಹಾಕ್ಲೇಬೇಡಿ.

ಗೇಟ್ ಅನಾಲಿಸಿಸ್ ಅಂತಾರಲ್ಲ, ಅದೇನು?

ದಾರಿಗೆ ಅಡ್ಡಲಾಗಿ ಆಕಾಶದಲ್ಲಿ ಒಂದು ಕಾಲ್ಪನಿಕ ಕಿಟಕಿ ನಿಲ್ಲಿಸೋದು. ಅಗಲ ಅಂದ್ರೆ ದಾರಿಯಿಂದ ಎಡ-ಬಲ, ಎತ್ತರ ಅಂದ್ರೆ ಎತ್ತರ. ಪ್ರತಿ ವಿಮಾನ ಅದನ್ನ ಎಲ್ಲಿ ತೂರಿಕೊಂಡು ಹೋಯ್ತು ಅಂತ ಒಂದು ಚುಕ್ಕೆ. ಎಷ್ಟು ಸರಳ ನೋಡಿ, ಆದ್ರೆ ಒಂದೇ ಚಿತ್ರ ಉಳಿಸ್ಕೊಳ್ಳಿ ಅಂದ್ರೆ ನಾನು ಇದನ್ನೇ ಉಳಿಸ್ಕೊಳ್ಳೋದು, ಯಾಕಂದ್ರೆ ಅಡ್ಡ ಹರಡಿಕೆ ಮತ್ತೆ ಎತ್ತರದ ಹರಡಿಕೆ ಎರಡೂ ಒಟ್ಟಿಗೆ ಕಾಣೋದು ಇಲ್ಲಿ ಮಾತ್ರ.

ಏರಿಯಾ ನ್ಯಾವಿಗೇಷನ್ ದಾರಿ, ಅಂದ್ರೆ ಜಿಪಿಎಸ್ ಥರದ ಪೊಸಿಷನ್ ನೋಡ್ಕೊಂಡು ಮ್ಯಾಪ್‌ನ ಬಿಂದುವಿನಿಂದ ಬಿಂದುವಿಗೆ ಹಾರೋ ದಾರಿ ಆದ್ರೆ, ಅದರ ಮೇಲೆ ಆರ್‌ನ್ಯಾವ್ 1 ಅಂತ ಬರೆದಿದ್ರೆ ಹಾರಾಟದ ಶೇಕಡಾ 95 ಹೊತ್ತು ದಾರಿಯಿಂದ ಎರಡೂ ಕಡೆ 1 ನಾಟಿಕಲ್ ಮೈಲಿಯೊಳಗೆ ಇರ್ಬೇಕು ಅಂತ ಅರ್ಥ. ಗೇಟ್ ಚಿತ್ರ ಹಾಕಿದ್ರೆ ನೇರ ಭಾಗದಲ್ಲಿ ವಿಮಾನಗಳು ಅದಕ್ಕಿಂತ ತುಂಬಾ ಕಿರಿದಾದ ಪಟ್ಟೀಲಿ ಹೋಗೋದು ಕಾಣುತ್ತೆ. ತಿರುವಿಗೆ ಬಂದ್ರೆ ಕಥೆ ಬೇರೆ. ಫ್ಲೈ-ಬೈ ಥರದ ವೇಪಾಯಿಂಟ್‌ನಲ್ಲಿ (ದಾರಿಯ ಗುರುತಿನ ಬಿಂದು) ವಿಮಾನ ಪಾಯಿಂಟ್ ತಲುಪೋದಕ್ಕಿಂತ ಮುಂಚೇನೇ ತಿರುಗೋಕೆ ಶುರು ಮಾಡುತ್ತೆ, ಎಷ್ಟು ಮುಂಚೆ ಅನ್ನೋದು ಸ್ಪೀಡ್, ಗಾಳಿ, ಎಷ್ಟು ಓರೆ ಆಗುತ್ತೆ ಅನ್ನೋದ್ರ ಮೇಲೆ, ಹಂಗಾಗಿ ತಿರುವಿನ ಒಳಗಡೆ ಹರಡಿಕೆ ಸಹಜ. ಫ್ಲೈ-ಓವರ್ ಪಾಯಿಂಟ್ ಆದ್ರೆ ಅದನ್ನ ದಾಟಿ ಆಮೇಲೆ ತಿರುಗಿ ವಾಪಸ್ ಗೆರೆಗೆ ಬರೋದು, ಹರಡಿಕೆ ಇನ್ನೂ ಜಾಸ್ತಿ. ಆರ್‌ಎಫ್ ಲೆಗ್ ಅಂತ ನಿಗದಿತ ತ್ರಿಜ್ಯದ ತಿರುವು ಹಾಕಿದ್ರೆ ತಿರುವಿನಲ್ಲೂ ಪಟ್ಟಿ ಕಿರಿದಾಗುತ್ತೆ. ಮೂರನ್ನೂ ಪಕ್ಕಪಕ್ಕ ಗೇಟ್ ಹಾಕಿ ತೋರಿಸಿದ್ರೆ ಮೀಟಿಂಗ್‌ನಲ್ಲಿ ವಾದಕ್ಕೆ ಹೋಗೋ ಅರ್ಧ ಗಂಟೆ ಉಳಿತಾಯ ಆಗುತ್ತೆ.

ಪಕ್ಕದಿಂದ ನೋಡೋ ಪ್ರೊಫೈಲ್‌ನಲ್ಲಿ ಏನು ನೋಡ್ಬೇಕು?

ಮೇಲಿಂದ ನೋಡೋ ಮ್ಯಾಪ್ ಎಲ್ಲರಿಗೂ ಇಷ್ಟ, ಪ್ರೊಫೈಲ್ ಯಾರೂ ಕೇಳಲ್ಲ, ಆದ್ರೆ ಇಂಧನ, ಶಬ್ದ, ಕೆಲಸದ ಒತ್ತಡ ಇದರ ಬಹುಪಾಲು ಕಥೆ ಇರೋದು ಪ್ರೊಫೈಲ್‌ನಲ್ಲೇ.

ಅಡ್ಡ ಅಕ್ಷದಲ್ಲಿ ರನ್‌ವೇಗೆ ಉಳಿದಿರೋ ದೂರ ಹಾಕಿ, ಅದೂ ನೇರ ದೂರ ಅಲ್ಲ, ಆ ವಿಮಾನ ನಿಜವಾಗ್ಲೂ ಹಾರಿದ ದಾರಿಯ ಉದ್ದಕ್ಕೆ ಅಳೆದ ದೂರ. ನೇರ ದೂರ ಹಾಕಿದ್ರೆ ಡೌನ್‌ವಿಂಡ್‌ನಲ್ಲಿ, ಅಂದ್ರೆ ಇಳಿಯೋ ದಿಕ್ಕಿಗೆ ಉಲ್ಟಾ, ರನ್‌ವೇ ಪಕ್ಕದಲ್ಲೇ ಹೋಗೋ ವಿಮಾನ ಸೊನ್ನೆ ಹತ್ರ ಬಂದು ಮತ್ತೆ ದೂರ ಹೋಗಿ ಮತ್ತೆ ಬರುತ್ತೆ, ಗ್ರಾಫ್ ಪೂರ್ತಿ ಗಂಟು. ಮೇಲೆ 3 ಡಿಗ್ರಿ ರೆಫರೆನ್ಸ್ ಗೆರೆ ಎಳೀರಿ, ಒಂದು ನಾಟಿಕಲ್ ಮೈಲಿಗೆ ಸುಮಾರು 318 ಅಡಿ ಇಳಿಯುತ್ತೆ, ಪೈಲಟ್‌ಗಳು ತಲೆಲೆಕ್ಕಕ್ಕೆ 300 ಅಂತಾರೆ. ಆ ಗೆರೆಗಿಂತ ತುಂಬಾ ಕೆಳಗೆ ತುಂಬಾ ಹೊತ್ತು ಇರೋವು ಎಂಜಿನ್ ಪವರ್ ಹಾಕ್ಕೊಂಡು ಬರ್ತಿವೆ ಅಂತ ಊಹಿಸ್ಬಹುದು, ತುಂಬಾ ಮೇಲಿರೋವು ಆಮೇಲೆ ಸ್ಪೀಡ್‌ಬ್ರೇಕ್ ಹಾಕಿ ಬೇಗ ಇಳೀಬೇಕು, ಕೊನೇಲಿ ಅಪ್ರೋಚ್ ಸ್ಥಿರ ಆಗ್ದೇ (ಸ್ಪೀಡ್, ಇಳಿಯೋ ದರ ಹದಕ್ಕೆ ಬರದೇ) ಗೋ-ಅರೌಂಡ್ ಮಾಡೋವ್ರು ಹೆಚ್ಚಾಗಿ ಈ ಗುಂಪಿಂದ ಬರ್ತಾರೆ. ಮೋಡ ಇದ್ರೆ 1000 ಅಡಿಗೆ, ಕಣ್ಣಿಗೆ ಕಾಣೋ ಹವಾಮಾನ ಇದ್ರೆ 500 ಅಡಿಗೆ ಎಲ್ಲಾ ಸ್ಥಿರ ಆಗಿರ್ಬೇಕು ಅನ್ನೋದು ರೂಢಿ, ಆ ಎರಡು ಎತ್ತರದಲ್ಲಿ ಸ್ಪೀಡ್ ಮತ್ತೆ ಇಳಿಯೋ ದರದ ಹಿಸ್ಟೋಗ್ರಾಮ್ ಹಾಕಿ.

ನಿರಂತರ ಇಳಿಕೆ ಆಗ್ತಿದೆಯಾ ನೋಡೋಕೆ ನೇರ ಮಟ್ಟದ ತುಂಡುಗಳನ್ನ ಹುಡುಕ್ಬೇಕು. ಯೂರೋಪಿನ ವಿಮಾನ ಸಂಚಾರ ಸಂಸ್ಥೆ ಯೂರೋಕಂಟ್ರೋಲ್ ಒಪ್ಪಿಕೊಂಡಿರೋ ಅಳತೆ ಪ್ರಕಾರ ನಿಮಿಷಕ್ಕೆ 300 ಅಡಿಗಿಂತ ಕಮ್ಮಿ ಇಳಿಕೆ ಕನಿಷ್ಠ 20 ಸೆಕೆಂಡ್ ಇದ್ರೆ ಅದು ನೇರ ಮಟ್ಟ. ಆ ತುಂಡುಗಳನ್ನ ಮಾತ್ರ ಮ್ಯಾಪ್ ಮೇಲೆ ದಪ್ಪ ಗೆರೇಲಿ ಹಾಕಿ ನೋಡಿ. ಎಲ್ಲಾ ಒಂದೇ ಜಾಗದಲ್ಲಿ, ಒಂದೇ ಎತ್ತರದಲ್ಲಿ ಬಿದ್ರೆ ಅದು ಪೈಲಟ್ ಅಭ್ಯಾಸ ಅಲ್ಲ, ಪ್ರೊಸೀಜರ್‌ನ ಎತ್ತರದ ಮಿತಿ, ಹೆಚ್ಚಾಗಿ ಕೆಳಗೋ ಮೇಲೋ ಇನ್ನೊಂದು ದಾರಿ ದಾಟ್ತಿರುತ್ತೆ. ಚೆಲ್ಲಾಪಿಲ್ಲಿ ಬಿದ್ರೆ ಟ್ರಾಫಿಕ್ ಜೋಡಿಸೋಕೆ ಕಂಟ್ರೋಲರ್ ನಿಲ್ಲಿಸಿರೋದು. ಈ ಎರಡಕ್ಕೂ ಪರಿಹಾರ ಬೇರೆ ಬೇರೆ, ಮೊದಲನೇದಕ್ಕೆ ಚಾರ್ಟ್ ಬದಲಾಯಿಸ್ಬೇಕು, ಎರಡನೇದಕ್ಕೆ ಚಾರ್ಟ್ ಎಷ್ಟು ಸಲ ಬದಲಾಯಿಸಿದ್ರೂ ಏನೂ ಆಗಲ್ಲ, ಸರದಿ ಜೋಡಿಸೋ ವಿಧಾನನೇ ನೋಡ್ಬೇಕು.

ಒಂದು ಅಪವಾದ, ಪಾಯಿಂಟ್ ಮರ್ಜ್ ಇರೋ ಕಡೆ. 2011ರಲ್ಲಿ ಓಸ್ಲೋದಲ್ಲಿ ಮೊದಲು ಶುರುವಾಗಿದ್ದು ಇದು. ಅಲ್ಲಿ ವಿಮಾನಗಳು ಕಮಾನಿನ ಮೇಲೆ ನೇರ ಮಟ್ಟದಲ್ಲಿ ಹೋಗಿ ಸರದಿ ಬಂದಾಗ ಒಂದೇ ಬಿಂದುವಿಗೆ ತಿರುಗಿ ಇಳೀತಾವೆ. ಕಮಾನಿನ ಮೇಲೆ ನೇರ ಮಟ್ಟ ಇರೋದು ಡಿಸೈನೇ, ತಪ್ಪು ಅಂತ ಎಣಿಸ್ಬೇಡಿ.

ಟ್ರ್ಯಾಕ್ ಚಾರ್ಟ್ ಬಿಟ್ಟು ಹೋಗಿದ್ರೆ ಪೈಲಟ್ ತಪ್ಪು ಮಾಡಿದ್ದಾರೆ ಅಂತಲೇ?

ಬಹುತೇಕ ಅಲ್ಲ. ಕಂಟ್ರೋಲರ್ ವೆಕ್ಟರ್ ಕೊಟ್ಟಿರ್ತಾರೆ (ಇಂಥ ದಿಕ್ಕಿಗೆ ತಿರುಗಿ ಅಂತ ಹೇಳೋದು) ಇಲ್ಲ ಮುಂದಿನ ಪಾಯಿಂಟ್‌ಗೆ ನೇರ ಹೋಗಿ ಅಂದಿರ್ತಾರೆ. ಮ್ಯಾಪ್‌ನಲ್ಲಿ ಅದನ್ನ ಕೆಂಪು ಬಣ್ಣದಲ್ಲಿ ಉಲ್ಲಂಘನೆ ಅಂತ ಬರೆಯೋದು ಅನ್ಯಾಯ. ಬದಲಿಗೆ ಪ್ರತಿ ಫ್ಲೈಟ್ ದಾರಿ ಬಿಟ್ಟ ಜಾಗಕ್ಕೆ ಒಂದು ಚುಕ್ಕೆ ಇಡಿ. ಚುಕ್ಕೆಗಳೆಲ್ಲ ಒಂದೇ ಕಡೆ ಗುಂಪು ಸೇರಿದ್ರೆ ಅಲ್ಲಿಂದಾಚೆಗಿನ ಪ್ರೊಸೀಜರ್ ಬರೀ ಕಾಗದದ ಮೇಲಿದೆ ಅಂತರ್ಥ, ಆ ಭಾಗಕ್ಕೆ ಲೆಕ್ಕ ಹಾಕಿರೋ ಇಂಧನ ಉಳಿತಾಯ, ಶಬ್ದದ ಮ್ಯಾಪ್ ಎಲ್ಲಾ ಕಾಲ್ಪನಿಕ.

ಎಷ್ಟು ದಿನದ ಡೇಟಾ ಬೇಕು?

ದಿನ ಎಣಿಸೋದಕ್ಕಿಂತ ಪರಿಸ್ಥಿತಿ ಎಣಿಸಿ. ಗಾಳಿ ದಿಕ್ಕು ಬದಲಾದ್ರೆ ರನ್‌ವೇ ದಿಕ್ಕು ಬದಲಾಗುತ್ತೆ, ಎಲ್ಲಾ ಪ್ರೊಸೀಜರ್ ಬದಲಾಗುತ್ತೆ. ಎರಡು ದಿಕ್ಕೂ, ಬಿಸಿಲೂ ಚಳಿಯೂ, ರಶ್ ಹೊತ್ತು ಮತ್ತೆ ರಾತ್ರಿ ಎಲ್ಲಾ ಸಾಕಷ್ಟು ಬರ್ಬೇಕು. ವರ್ಷ ಪೂರ್ತಿ ಸಿಕ್ಕಿದ್ರೆ ವಾದಕ್ಕೆ ಜಾಗ ಇರಲ್ಲ. ಒಂದು ವಾರದ ಡೇಟಾ ಇಟ್ಕೊಂಡು ತೀರ್ಮಾನ ಕೊಡೋವ್ರನ್ನ ಆ ವಾರ ಯಾವ ಕಡೆ ಗಾಳಿ ಬೀಸ್ತಿತ್ತು ಅಂತ ಕೇಳಿ.

ಹಳೇ ಪ್ರೊಸೀಜರ್, ಹೊಸದು, ಹೆಂಗೆ ಹೋಲಿಸೋದು?

ಒಂದೇ ರನ್‌ವೇ ದಿಕ್ಕು, ಅದೇ ತಿಂಗಳುಗಳು, ಆದಷ್ಟೂ ಅದೇ ಥರದ ವಿಮಾನಗಳು. ಆಮೇಲೆ ಎರಡು ಮ್ಯಾಪ್ ಪಕ್ಕಪಕ್ಕ ಒಂದೇ ಬಣ್ಣದ ಸ್ಕೇಲ್‌ನಲ್ಲಿ, ಮೂರನೇದು ವ್ಯತ್ಯಾಸದ ಮ್ಯಾಪ್, ಜಾಸ್ತಿ ಆಗಿದ್ದು ಒಂದು ಬಣ್ಣ, ಕಮ್ಮಿ ಆಗಿದ್ದು ಇನ್ನೊಂದು, ಬದಲಾಗದ್ದು ಮಧ್ಯದ ತಿಳಿ ಬಣ್ಣ. ಸಾಫ್ಟ್‌ವೇರ್ ಪ್ರತಿ ಮ್ಯಾಪ್‌ಗೂ ಸ್ಕೇಲ್‌ನ ತಾನೇ ಹೊಂದಿಸ್ಕೊಳ್ಳುತ್ತೆ, ಅದನ್ನ ಆಫ್ ಮಾಡ್ದೇ ಇದ್ರೆ ಎರಡು ಪಟ್ಟು ಟ್ರಾಫಿಕ್ ಆದ್ರೂ ಚಿತ್ರ ಹಂಗೇ ಕಾಣುತ್ತೆ. ಒಟ್ಟು ಫ್ಲೈಟ್ ಸಂಖ್ಯೆ ಬದಲಾಗಿದ್ರೆ ಅದನ್ನೂ ಬೇರೆಯಾಗಿ ಹೇಳ್ಬೇಕು, ಪ್ರೊಸೀಜರ್‌ನಿಂದ ಆದದ್ದು ಯಾವುದು, ಟ್ರಾಫಿಕ್ ಬೆಳೆದು ಆದದ್ದು ಯಾವುದು ಅಂತ.

ಶಬ್ದದ ಮ್ಯಾಪ್ ಬಗ್ಗೆ ಇಷ್ಟು ಜಗಳ ಯಾಕೆ?

ಯಾಕಂದ್ರೆ ಆ ಮ್ಯಾಪ್ ಹೇಳೋದೇ ಒಂದು, ಜನ ಕೇಳೋದೇ ಇನ್ನೊಂದು.

ಸಾಮಾನ್ಯ ಕಂಟೂರ್ ಮ್ಯಾಪ್ (ಒಂದೇ ಶಬ್ದಮಟ್ಟದ ಜಾಗಗಳನ್ನ ಗೆರೆಯಿಂದ ಸೇರಿಸಿದ್ದು) ವರ್ಷದ ಎಲ್ಲಾ ಶಬ್ದದ ಶಕ್ತಿ ಸೇರಿಸಿ ಸರಾಸರಿ ಮಾಡುತ್ತೆ. ಅಮೆರಿಕದ ಡಿಎನ್‌ಎಲ್ ಅನ್ನೋ ಅಳತೆ ರಾತ್ರಿಯ ಫ್ಲೈಟ್‌ಗೆ 10 ಡೆಸಿಬಲ್ ದಂಡ ಹಾಕುತ್ತೆ, ಯೂರೋಪಿನ ಎಲ್‌ಡೆನ್ ಸಂಜೆಗೂ 5 ಸೇರಿಸುತ್ತೆ. ಈ ಲೆಕ್ಕದಲ್ಲಿ ಅದೇ ಶಬ್ದದ ಫ್ಲೈಟ್‌ಗಳು ಎರಡು ಪಟ್ಟಾದ್ರೆ ಏರೋದು ಬರೀ 3 ಡೆಸಿಬಲ್. ಮನೇಲಿ ಕೂತವ್ರಿಗೆ ಮಾತ್ರ ದಿನಕ್ಕೆ ಐವತ್ತು ಸಲ ಮಾತು ನಿಲ್ಲಿಸ್ತಿದ್ದದ್ದು ನೂರು ಸಲ ಆಯ್ತು.

ಸಿಡ್ನಿಯಲ್ಲಿ 1994ರ ನವೆಂಬರ್‌ನಲ್ಲಿ ಮೂರನೇ ರನ್‌ವೇ ಶುರುವಾದಾಗ ಇದೇ ಆಗಿದ್ದು. ಮೊದಲೇ ತೋರಿಸಿದ್ದ ಕಂಟೂರ್ ಮ್ಯಾಪ್‌ನಲ್ಲಿ ತಮ್ಮ ಮನೆ ಗೆರೆ ಹೊರಗಿದೆ ಅಂದ್ರೆ ಶಬ್ದ ಇಲ್ಲ ಅಂತ ಜನ ತಿಳ್ಕೊಂಡಿದ್ರು, ವಿಮಾನ ಬರೋಕೆ ಶುರುವಾದಾಗ ಮೋಸ ಆಯ್ತು ಅಂತ ರೊಚ್ಚಿಗೆದ್ರು. ಗೆರೆ ಲೆಕ್ಕದ ಪ್ರಕಾರ ಸರಿ ಇತ್ತು ಅಂತಲೇ ಇಟ್ಕೊಳ್ಳಿ, ಚಿತ್ರ ತಪ್ಪು ಅರ್ಥ ಕೊಡ್ತು. ಅದರ ನಂತರ 2000ನೇ ಇಸವಿಯಲ್ಲಿ ಆಸ್ಟ್ರೇಲಿಯಾ ಸರ್ಕಾರದ ಸಾರಿಗೆ ಇಲಾಖೆ ಬೇರೆ ಥರದ ಚಿತ್ರಗಳನ್ನ ಮುಂದಿಡ್ತು. ಎನ್70 ಅಂದ್ರೆ ದಿನಕ್ಕೆ ಎಷ್ಟು ಸಲ 70 ಡೆಸಿಬಲ್ ದಾಟುತ್ತೆ, ಹೊರಗೆ 70 ಅಂದ್ರೆ ಕಿಟಕಿ ತೆಗೆದಿರೋ ಮನೆಯೊಳಗೆ ಸುಮಾರು 60, ಮಾತಿಗೆ ಅಡ್ಡಿಯಾಗೋ ಮಟ್ಟ. ಜೊತೆಗೆ ವಿಮಾನವೇ ಇಲ್ಲದ ವಿರಾಮದ ಗಂಟೆಗಳು ಎಷ್ಟು ಅನ್ನೋ ಚಾರ್ಟ್. ಇದನ್ನ ಯಾರು ಬೇಕಾದ್ರೂ ಓದಿ ಅರ್ಥ ಮಾಡ್ಕೊಳ್ಬಹುದು.

ಇನ್ನೊಂದು ಉದಾಹರಣೆ ಅಮೆರಿಕದ ಫೀನಿಕ್ಸ್. 2014ರ ಸೆಪ್ಟೆಂಬರ್‌ನಲ್ಲಿ ಹೊಸ ಏರಿಯಾ ನ್ಯಾವಿಗೇಷನ್ ನಿರ್ಗಮನ ದಾರಿಗಳು ಬಂದ್ವು, ಮೊದಲು ಹರಡಿಕೊಂಡು ಹೋಗ್ತಿದ್ದ ವಿಮಾನಗಳು ಕಿರಿದಾದ ಪಟ್ಟೀಲಿ ಕೆಲವು ಬಡಾವಣೆಗಳ ಮೇಲೇ ಹೋಗೋಕೆ ಶುರುವಾದ್ವು, ವಿಷಯ ಕೋರ್ಟ್‌ಗೆ ಹೋಗಿ 2017ರ ಆಗಸ್ಟ್‌ನಲ್ಲಿ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ವಿರುದ್ಧ ತೀರ್ಪು ಬಂತು, 2018ರಲ್ಲಿ ಪಶ್ಚಿಮದ ದಾರಿಗಳನ್ನ ಹಳೇ ದಾರಿ ಹತ್ರಕ್ಕೆ ವಾಪಸ್ ತಂದ್ರು. ನಿಖರತೆ ಅನ್ನೋದು ಎಂಜಿನಿಯರ್‌ಗೆ ಹೆಮ್ಮೆ, ಗೆರೆ ಕೆಳಗಿರೋವ್ರಿಗೆ ಶಿಕ್ಷೆ. ಗೇಟ್ ಚಿತ್ರ ಮೊದಲೇ ತೋರಿಸಿದ್ರೆ ಇದು ಯಾವ ಮಗುಗೂ ಅರ್ಥ ಆಗುತ್ತೆ, ಹಳೇದು ಅಗಲ ಗುಂಪು, ಹೊಸದು ಸೂಜಿ.

3ಡಿ, ಅನಿಮೇಷನ್ ಮಾಡಿದ್ರೆ ಇನ್ನೂ ಚೆನ್ನಾಗಿರಲ್ವಾ?

ಚೆನ್ನಾಗಿ ಕಾಣುತ್ತೆ, ಅಷ್ಟೇ. 3ಡಿಯಲ್ಲಿ ಎತ್ತರ ಅಳೆಯೋಕಾಗಲ್ಲ, ಮುಂದಿನ ಗೆರೆ ಹಿಂದಿನದನ್ನ ಮುಚ್ಚುತ್ತೆ, ಮತ್ತೆ ಎತ್ತರ ಕಾಣ್ಲಿ ಅಂತ ಐದು ಪಟ್ಟು ಎಳೆದಿರ್ತಾರೆ, 3 ಡಿಗ್ರಿ ಇಳಿಜಾರು ಡೈವ್ ಹೊಡೆದಂಗೆ ಕಾಣುತ್ತೆ. ಎಳೆದಿದ್ರೆ ಎಷ್ಟು ಪಟ್ಟು ಅಂತ ಚಿತ್ರದ ಮೇಲೇ ಬರೀರಿ. ಅನಿಮೇಷನ್ ಒಂದು ಕೆಲಸಕ್ಕೆ ಮಾತ್ರ ಚಂದ, ಟ್ರಾಫಿಕ್ ಜೋಡಣೆ ಹೆಂಗೆ ಆಗ್ತಿದೆ, ಯಾವ ಹೊತ್ತಿಗೆ ಸಾಲು ಬೆಳೀತು ಅಂತ ತೋರಿಸೋಕೆ.

ಬಣ್ಣ?

ಕಾಮನಬಿಲ್ಲು ಬೇಡ, ಇಲ್ಲದ ಗಡಿಗಳು ಕಾಣುತ್ತೆ. ಕಡುನೇರಳೆಯಿಂದ ಹಳದಿಗೆ ಹೋಗೋ ವಿರಿಡಿಸ್ ಥರದ್ದು ಬಳಸಿ, ಬಣ್ಣ ಗುರುತಿಸೋಕೆ ಕಷ್ಟ ಇರೋವ್ರಿಗೂ ಓದೋಕಾಗುತ್ತೆ, ಕಪ್ಪು ಬಿಳುಪು ಪ್ರಿಂಟ್‌ನಲ್ಲೂ ಉಳಿಯುತ್ತೆ.

ಯಾವ ಟೂಲ್ ಬೇಕು?

ಪೈಥಾನ್ ಪ್ರೋಗ್ರಾಮಿಂಗ್ ಭಾಷೆ, ಕ್ಯೂಜಿಐಎಸ್ ಮ್ಯಾಪ್ ಸಾಫ್ಟ್‌ವೇರ್ ಎರಡೂ ಉಚಿತ, ಬಹುತೇಕ ಕೆಲಸ ಅಲ್ಲೇ ಮುಗಿಯುತ್ತೆ. ಶಬ್ದದ ಅಧಿಕೃತ ಲೆಕ್ಕಕ್ಕೆ ಅಮೆರಿಕದಲ್ಲಿ ಎಇಡಿಟಿ ಅಂತ ಸಾಫ್ಟ್‌ವೇರ್ ಇದೆ, 2015ರಲ್ಲಿ ಹಳೇ ಐಎನ್‌ಎಮ್ ಜಾಗಕ್ಕೆ ಬಂದದ್ದು. ಟೂಲ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, ಡೇಟಾ ಸೋಸೋದ್ರಲ್ಲೇ ಸಮಯ ಹೋಗೋದು.

ಟ್ರ್ಯಾಕ್‌ಗಳೆಲ್ಲ ಚೆನ್ನಾಗಿ ಕಂಡ್ರೆ ಪ್ರೊಸೀಜರ್ ಸುರಕ್ಷಿತ ಅಂತ ಹೇಳಬಹುದಾ?

ಹೇಳೋಕಾಗಲ್ಲ. ಐಎಲ್‌ಎಸ್ ಅಪ್ರೋಚ್‌ನಲ್ಲಿ ಅಡೆತಡೆಗೆ ಬಡಿಯೋ ಸಾಧ್ಯತೆಗೆ ಐಕಾವೋ ಇಟ್ಟಿರೋ ಗುರಿ ಒಂದು ಕೋಟಿ ಅಪ್ರೋಚ್‌ಗೆ ಒಂದು. ನಿಮ್ಮ ಹತ್ರ ಒಂದು ಲಕ್ಷ ಟ್ರ್ಯಾಕ್ ಇದ್ರೂ ಆ ಮಟ್ಟದ ಅಪರೂಪನ ಚುಕ್ಕೆಗಳಲ್ಲಿ ನೋಡೋಕೆ ಸಾಧ್ಯವಿಲ್ಲ. ಮತ್ತೆ ಸಿಡ್‌ನ ಸಾಮಾನ್ಯ ಏರಿಕೆ ಲೆಕ್ಕ ಶೇಕಡಾ 3.3, ಅಂದ್ರೆ ನಾಟಿಕಲ್ ಮೈಲಿಗೆ ಸುಮಾರು 200 ಅಡಿ, ಅದು ಎಲ್ಲಾ ಎಂಜಿನ್ ಕೆಲಸ ಮಾಡ್ತಿರುವಾಗಿನದ್ದು. ಎಂಜಿನ್ ಕೆಟ್ರೆ ಏನು ಅನ್ನೋದು ಏರ್‌ಲೈನ್ ಬೇರೆ ಲೆಕ್ಕ ಹಾಕ್ಕೊಳ್ಬೇಕು, ನಿಮ್ಮ ಡೇಟಾದಲ್ಲಿ ಅಂಥ ಟ್ರ್ಯಾಕ್ ಬಹುಶಃ ಒಂದೂ ಇರಲ್ಲ. ಆದ್ರೆ ಉಲ್ಟಾ ಹೇಳ್ಬಹುದು. ಬಿಸಿಲ ದಿನಗಳಲ್ಲಿ ಭಾರದ ವಿಮಾನಗಳು ಆ 3.3 ಗೆರೆಗೆ ತೀರಾ ಹತ್ರ ಬರ್ತಿವೆ ಅಂತ ಪ್ರೊಫೈಲ್‌ನಲ್ಲಿ ಕಂಡ್ರೆ ಅದು ತಕ್ಷಣ ಡಿಸೈನರ್‌ಗೆ ತೋರಿಸ್ಬೇಕಾದ ಚಿತ್ರ.

ನಾನು ದಾರಿ ಕೆಳಗೆ ಇರೋನು. ದಾರಿ 300 ಮೀಟರ್ ಆಚೆ ಸರಿಸಿದ್ದೀವಿ ಅಂತಾರೆ, ವ್ಯತ್ಯಾಸವೇ ಗೊತ್ತಾಗ್ತಿಲ್ಲ, ಸುಳ್ಳು ಹೇಳ್ತಿದ್ದಾರಾ?

ಸುಳ್ಳಲ್ಲದೇ ಇರಬಹುದು. ವಿಮಾನ 3000 ಅಡಿ ಎತ್ತರದಲ್ಲಿ ನಿಮ್ಮ ನೆತ್ತಿ ಮೇಲೆ ಹೋದ್ರೆ ನಿಮಗೂ ಅದಕ್ಕೂ ದೂರ 914 ಮೀಟರ್. 300 ಮೀಟರ್ ಪಕ್ಕಕ್ಕೆ ಸರಿಸಿದ್ರೆ ಓರೆ ದೂರ ಸುಮಾರು 962 ಮೀಟರ್ ಆಗುತ್ತೆ. ದೂರದಿಂದ ಶಬ್ದ ಕಮ್ಮಿ ಆಗೋ ಲೆಕ್ಕ ಮಾತ್ರ ತಗೊಂಡ್ರೆ ಇಳಿಯೋದು ಅರ್ಧ ಡೆಸಿಬಲ್‌ಗೂ ಕಮ್ಮಿ, ಕಿವಿಗೆ ಗೊತ್ತೇ ಆಗಲ್ಲ. ಪೂರ್ತಿ ಒಂದು ಕಿಲೋಮೀಟರ್ ಸರಿಸಿದ್ರೂ 3.4 ಡೆಸಿಬಲ್ ಆಸುಪಾಸು. ಮ್ಯಾಪ್ ಮೇಲೆ ಮಾತ್ರ ಗೆರೆ ಎಷ್ಟೋ ದೂರ ಹೋದಂಗೆ ಕಾಣುತ್ತೆ. ಅದಕ್ಕೇ ಮನೆ ಇರೋ ಜಾಗಕ್ಕೆ ಓರೆ ದೂರದ ಹಿಸ್ಟೋಗ್ರಾಮ್ ಕೇಳಿ, ಬದಲಾವಣೆಗೆ ಮುಂಚಿನದ್ದು, ಆಮೇಲಿನದ್ದು ಎರಡೂ. ಜೊತೆಗೆ ಮನೆ ಹತ್ರದ ಗೇಟ್ ಚಿತ್ರ, ಗಂಟೆವಾರು ಎಣಿಕೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಆ ಅವಧೀಲಿ ರನ್‌ವೇ ಯಾವ ದಿಕ್ಕಲ್ಲಿ ಎಷ್ಟು ಹೊತ್ತು ಬಳಕೆಯಾಯ್ತು ಅನ್ನೋದನ್ನೂ ಕೇಳಿ. ಸರಾಸರಿ ಡೆಸಿಬಲ್ ಒಂದೇ ಅಂಕಿ ಕೊಟ್ಟು ಕಳಿಸಿದ್ರೆ ವಾಪಸ್ ಹೋಗಿ ಮತ್ತೆ ಕೇಳಿ, ಇದೆಲ್ಲ ಅವರ ಡೇಟಾದಲ್ಲಿ ಇದ್ದೇ ಇರುತ್ತೆ.